ಗಾಳಿ ಏರಿಳಿಯುವಾಗ ವಿಮಾನ ಧಡ್ ಎಂದು ಇಳಿಯುವುದೇಕೆ?

ಪ್ರಶ್ನೆ: ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ ಹಾರಾಟ ಕಲಿಯುತ್ತಿದ್ದೇನೆ. ಗಾಳಿ ಒಂದೇ ಸಮ ಇದ್ದ ದಿನ ಚೆನ್ನಾಗಿಯೇ ಇಳಿಸುತ್ತೇನೆ. ಅದು ರಪ್ಪನೆ ಬೀಸಿ, ನಿಂತು, ಮತ್ತೆ ಬೀಸುವ ದಿನ ಮಾತ್ರ ಕೊನೇ ಹತ್ತು ಅಡಿಯಲ್ಲಿ ವಿಮಾನ ಕುಸಿದು ಬಿದ್ದು ಪುಟಿಯುತ್ತದೆ. ವೇಗ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ ಅನ್ನುತ್ತಾರೆ. ಎಷ್ಟು ಜಾಸ್ತಿ? ಪುಟಿದರೆ ಏನು ಮಾಡಬೇಕು?

ಉತ್ತರ: ಎದುರುಗಾಳಿ ಹಠಾತ್ತಾಗಿ ನಿಂತಾಗ ಹೀಗಾಗುತ್ತದೆ. ನಿಮ್ಮ ವೇಗ 60 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇದೆ ಅಂದುಕೊಳ್ಳಿ. ಎದುರುಗಾಳಿ 10 ನಾಟ್ ಇಳಿದರೆ ರೆಕ್ಕೆಗೆ ಸಿಗುವ ವೇಗ ಆ ಕ್ಷಣಕ್ಕೆ 50. ಲಿಫ್ಟ್, ಅಂದರೆ ವಿಮಾನವನ್ನು ಎತ್ತಿ ಹಿಡಿಯುವ ಬಲ, ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಅದು ಶೇ 30ರಷ್ಟು ಮಾಯವಾಗುತ್ತದೆ. 140 ನಾಟ್‌ನಲ್ಲಿ ಬರುವ ಜೆಟ್‌ಗೆ ಇದೇ ಗಾಳಿಯಿಂದ ಆಗುವ ನಷ್ಟ ಶೇ 14ರಷ್ಟೇ. ಚಿಕ್ಕ ವಿಮಾನ ಇಷ್ಟು ಪೆಟ್ಟು ತಿನ್ನುವುದು ಅದಕ್ಕೇ. ಸಾಲದ್ದಕ್ಕೆ ನೆಲದ ಹತ್ತಿರ ಗಾಳಿ ಹೇಗೂ ಕಮ್ಮಿಯಾಗುತ್ತದೆ, ಅಷ್ಟೊತ್ತಿಗೆ ನೀವು ಥ್ರಾಟಲ್ (ಎಂಜಿನ್ ಪವರ್ ಹೆಚ್ಚು-ಕಮ್ಮಿ ಮಾಡುವ ಹಿಡಿ) ಪೂರ್ತಿ ಎಳೆದು ಪವರ್ ತೆಗೆದಿರುತ್ತೀರಿ.

ವೇಗದ ಲೆಕ್ಕ ಸುಲಭ. ಗಾಳಿ 12 ನಾಟ್, ರಭಸ (ರಪ್ಪನೆ ಬೀಸಿದಾಗಿನ ವೇಗ) 22 ಅಂದರೆ ವ್ಯತ್ಯಾಸ 10. ಅದರ ಅರ್ಧ, 5 ನಾಟ್ ಸೇರಿಸಿ. 65ಕ್ಕೆ ಬರುತ್ತಿದ್ದವರು 70ಕ್ಕೆ ಬನ್ನಿ. ಭಯಕ್ಕೆ 15 ಸೇರಿಸಬೇಡಿ. ವಿಮಾನ ಇಳಿಯಲು ಒಪ್ಪದೆ ರನ್‌ವೇ ಮೇಲೆ ತೇಲುತ್ತಲೇ ಹೋಗುತ್ತದೆ, ಆ ಹೊತ್ತಿನಲ್ಲಿ ಇನ್ನೊಂದು ರಭಸ ಬಂದು ಮೇಲೆತ್ತಿ ಕೈಬಿಡುತ್ತದೆ.

ಇನ್ನು ಕೊನೇ ಹತ್ತು ಅಡಿ. ಬಲಗೈ ಥ್ರಾಟಲ್ ಮೇಲೇ ಇರಲಿ. ಸ್ವಲ್ಪ ಪವರ್ ಉಳಿಸಿಕೊಂಡೇ ಫ್ಲೇರ್ (ನೆಲ ಮುಟ್ಟುವ ಮುನ್ನ ಮೂತಿ ಮೆಲ್ಲಗೆ ಎತ್ತುವುದು) ಶುರು ಮಾಡಿ, ಚಕ್ರ ನೆಲಕ್ಕೆ ತಾಗುವ ಹೊತ್ತಿಗೆ ನಿಧಾನಕ್ಕೆ ತೆಗೆಯಿರಿ. ಸೀಟು ಕೆಳಗೆ ಜಾರಿದಂತೆ ಅನ್ನಿಸಿತಾ? ಆಗ ಯೋಕ್ (ಮೂತಿ ಏರಿಳಿಸುವ ಹಿಡಿ) ಎಳೆಯಬೇಕು ಅನ್ನಿಸುವುದು ಸಹಜ. ಆದರೆ ವೇಗವೇ ಇಲ್ಲದಾಗ ಎಳೆದರೆ ಸ್ಟಾಲ್ ಆಗಿ, ಅಂದರೆ ರೆಕ್ಕೆ ಲಿಫ್ಟ್ ಕಳೆದುಕೊಂಡು, ಇನ್ನೂ ಜೋರಾಗಿ ಬೀಳುತ್ತದೆ. ಮೂತಿ ಇದ್ದಲ್ಲೇ ಇರಲಿ, ಒಂದಿಷ್ಟು ಪವರ್ ಕೊಡಿ.

ಪುಟಿತ ಚಿಕ್ಕದಾದರೂ ಇಷ್ಟೇ ಕೆಲಸ. ಎತ್ತರಕ್ಕೆ ಪುಟಿದರೆ ಯೋಚಿಸುತ್ತಾ ಕೂರಬೇಡಿ: ಪೂರ್ತಿ ಥ್ರಾಟಲ್, ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು). ಫ್ಲಾಪ್ (ರೆಕ್ಕೆಯ ಹಿಂದಂಚಿನಲ್ಲಿ ಇಳಿಬಿಡುವ ಪಟ್ಟಿ) ಒಮ್ಮೆಲೇ ತೆಗೆಯಬೇಡಿ, ಮೊದಲು 20 ಡಿಗ್ರಿಗೆ ತನ್ನಿ. ಏನೇ ಆದರೂ ಮೂತಿಯನ್ನು ಕೆಳಕ್ಕೆ ಒತ್ತಲೇಬೇಡಿ. ಒತ್ತಿದರೆ ಮುಂದಿನ ಚಕ್ರ ಮೊದಲು ಬಡಿದು ಮುಂದಿನ ಪುಟಿತ ಇನ್ನೂ ದೊಡ್ಡದಾಗುತ್ತದೆ. ಈ ವಿಮಾನದಲ್ಲಿ ಆ ಚಕ್ರದ ಕಾಲು ಕೂತಿರುವುದು ಎಂಜಿನ್ ಹಿಂದಿನ ಫೈರ್‌ವಾಲ್ ಎಂಬ ತಗಡಿನ ಗೋಡೆಯ ಮೇಲೆ. ಅಲ್ಲಿನ ತಗಡು ಸುಕ್ಕುಗಟ್ಟಿದರೆ ಹೊರಗಿನಿಂದ ಸರಿಯಾಗಿ ಕಾಣುವುದೂ ಇಲ್ಲ.

ಹಾಗಾಗಿ ಜೋರಾಗಿ ಬಿದ್ದ ದಿನ, ಬೈಸಿಕೊಳ್ಳಬೇಕಲ್ಲ ಅಂತ ಸುಮ್ನೆ ಇರಬೇಡಿ. ಮೆಕ್ಯಾನಿಕ್‌ಗೆ ಹೇಳಿ. ನಿಮ್ಮ ನಂತರ ಅದೇ ವಿಮಾನದಲ್ಲಿ ಇನ್ನೊಬ್ಬರು ಕೂರುತ್ತಾರೆ ಅಲ್ವಾ? ಪ್ರೊಪೆಲರ್ ನೆಲಕ್ಕೆ ತಾಗಿದ್ದರಂತೂ ಎಂಜಿನ್ ತಪಾಸಣೆ ಆಗುವವರೆಗೆ ಅದನ್ನು ಹಾರಿಸುವಂತಿಲ್ಲ.