ಉತ್ತರ ಬಾರದ ಸಂದರ್ಶನ

ಪ್ರಶ್ನೆ: ನಾನು ಎಂ.ಕಾಂ. ಮುಗಿಸಿದವಳು; ಮನೆ ಮಲ್ಪೆಯ ಹತ್ತಿರ. ಮಂಗಳೂರಿನ ಎರಡು ಕಂಪೆನಿಗಳ ಸಂದರ್ಶನಕ್ಕೆ ಹೋಗಿ ಬಂದು ಐದು ವಾರಗಳಾದವು. ‘ವಾರದೊಳಗೆ ತಿಳಿಸುತ್ತೇವೆ’ ಎಂದವರೂ ತಿಳಿಸಿಲ್ಲ. ಮೊಬೈಲ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ, ನೋಡಿದರೆ ಸಾಲ ಬೇಕೇ ಎಂದು ಕೇಳುವವರ ಕರೆ. ಅಮ್ಮ ‘ಎಂತ ಆಯ್ತು?’ ಎಂದು ಕೇಳುತ್ತಾರೆಂದು ಸಂಜೆ ಅಡುಗೆಮನೆಯ ಕಡೆಗೇ ಹೋಗುವುದಿಲ್ಲ. ಬೇರೆ ಅರ್ಜಿ ಹಾಕಲೂ ಮನಸ್ಸಿಲ್ಲ. ಏನು ಮಾಡಲಿ?
— ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ‘ಇಲ್ಲ’ ಎಂದಾದರೂ ಹೇಳಿಬಿಡಬಾರದೇ ಎಂದು ನಿಮಗೆ ಎಷ್ಟೋ ಸಲ ಅನಿಸಿರಬೇಕು. ಹಾಗನಿಸುವುದು ಸಹಜ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 45 ಮಂದಿ ಕಂಪ್ಯೂಟರ್ ಆಟವೊಂದನ್ನು ಆಡಿದರು. ಪರದೆಯ ಮೇಲಿನ ಕಲ್ಲಿನಡಿ ಹಾವಿದೆಯೇ ಎಂದು ಊಹಿಸಬೇಕು, ಹಾವು ಸಿಕ್ಕರೆ ಕೈಗೆ ನೋವಾಗುವಂತೆ ಕರೆಂಟು ತಾಗುತ್ತದೆ. ಕರೆಂಟು ತಾಗುವುದು ಖಚಿತವೆಂದು ಗೊತ್ತಿದ್ದಾಗಿಗಿಂತಲೂ, ತಾಗೀತೋ ಇಲ್ಲವೋ ಎಂಬುದು ಅರ್ಧಕ್ಕರ್ಧ ಇದ್ದಾಗಲೇ ಅವರ ಒತ್ತಡ ಹೆಚ್ಚಾಗಿತ್ತು.

ನಿಮ್ಮ ಮಲ್ಪೆ ಬಂದರನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಸಂಪಾದನೆ ನಿಂತ ಆ ದಿನಗಳು ಸುಲಭದವೇನಲ್ಲ. ಆದರೂ ಬಲೆ ದುರಸ್ತಿ ಮಾಡುತ್ತ, ಬೋಟಿಗೆ ಬಣ್ಣ ಬಳಿಯುತ್ತ ಕಳೆಯಲು ಸಾಧ್ಯವಾಗುವುದು ನಿಷೇಧ ಮುಗಿಯುವ ತಾರೀಕು ಎಲ್ಲರಿಗೂ ಗೊತ್ತಿರುವುದರಿಂದ. ನಿಮ್ಮ ಕಾಯುವಿಕೆಗೆ ಅಂಥ ತಾರೀಕಿಲ್ಲ. ಅದನ್ನು ನೀವೇ ಇಟ್ಟುಕೊಳ್ಳಬೇಕು.

ಇಂದೇ ಎರಡೂ ಕಡೆಗೆ ಒಂದೊಂದು ಇಮೇಲ್ ಕಳುಹಿಸಿ. ಯಾವ ದಿನ, ಯಾವ ಹುದ್ದೆಗೆ ಸಂದರ್ಶನಕ್ಕೆ ಬಂದಿದ್ದಿರಿ, ಆಸಕ್ತಿ ಈಗಲೂ ಇದೆ, ಆಯ್ಕೆ ಯಾವ ಹಂತದಲ್ಲಿದೆ ಎಂದು ತಿಳಿಸುವಿರಾ – ಇಷ್ಟೇ ಸಾಕು. ‘ಬಹಳ ಕಷ್ಟದಲ್ಲಿದ್ದೇನೆ’ ಎಂಬ ಸಾಲು ಬೇಡ. ಅದಕ್ಕೂ ಮೊದಲು ಸ್ಪ್ಯಾಮ್ ಫೋಲ್ಡರನ್ನು ಒಮ್ಮೆ ನೋಡಿ. ಏಳು ದಿನಗಳಲ್ಲಿ ಉತ್ತರ ಬಾರದಿದ್ದರೆ ನಿಮ್ಮ ಪುಸ್ತಕದಲ್ಲಿ ಆ ಕಂಪೆನಿಯ ಹೆಸರಿನ ಮುಂದೆ ‘ಮುಗಿಯಿತು’ ಎಂದು ಬರೆದುಬಿಡಿ. ಆಮೇಲೆ ಕರೆದರೆ ಹೋಗಲು ಯಾವ ಅಡ್ಡಿಯೂ ಇಲ್ಲ.

ಕರೆಯುವುದೂ ಉಂಟು. ಮೊದಲು ಆಯ್ಕೆಯಾದವರು ಹಳೆಯ ಕೆಲಸದಲ್ಲಿ ಎರಡು ಮೂರು ತಿಂಗಳ ನೋಟಿಸ್ ಅವಧಿ ಮುಗಿಸಬೇಕಾಗಿರಬಹುದು. ಅವರು ಕೊನೆಗೆ ಬಾರದೇ ಹೋದರೆ ಎಂದು ಎರಡನೆಯವರಿಗೆ ‘ಇಲ್ಲ’ ಎನ್ನದೆ ಇಟ್ಟುಕೊಂಡಿರುತ್ತಾರೆ. ಕೆಲವೊಮ್ಮೆ ಹುದ್ದೆಗೆ ಮೇಲಿನವರ ಒಪ್ಪಿಗೆಯೇ ಸಿಕ್ಕಿರುವುದಿಲ್ಲ. ಒಂದು ಸಾಲು ಬರೆದು ತಿಳಿಸದಿರುವುದು ಸೌಜನ್ಯವಲ್ಲ, ಅದನ್ನು ನಾನು ಸಮರ್ಥಿಸುವುದಿಲ್ಲ; ಆದರೆ ಆ ಮೌನದಲ್ಲಿ ನಿಮ್ಮ ಯೋಗ್ಯತೆಯ ತೀರ್ಪನ್ನು ಹುಡುಕಬೇಡಿ. ಹೊಸ ಅರ್ಜಿಗಳನ್ನಂತೂ ಈ ವಾರವೇ ಹಾಕಿ. ನೇಮಕಕ್ಕೆಂದು ಯಾರಾದರೂ ಠೇವಣಿ ಕೇಳಿದರೆ ಅದು ಮೋಸವೆಂದೇ ತಿಳಿಯಿರಿ. ಕಾದು ಸೋತವರನ್ನೇ ಅಂಥವರು ಹುಡುಕುತ್ತಾರೆ. ನಿದ್ದೆ, ಊಟ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಉಚಿತ.

ಇನ್ನು ಅಮ್ಮ. ಇವತ್ತು ಸಂಜೆ ಅವರು ಕೇಳುವ ಮೊದಲೇ ನೀವಾಗಿ ಅಡುಗೆಮನೆಗೆ ಹೋಗಿ, ಇಮೇಲ್ ಕಳುಹಿಸಿದ್ದೇನೆ, ಏನಿದ್ದರೂ ಮುಂದಿನ ವಾರ ಇದೇ ದಿನ ನಾನೇ ಹೇಳುತ್ತೇನೆ ಎಂದುಬಿಡಿ. ಅವರಿಗೂ ಒಂದು ತಾರೀಕು ಬೇಕಾಗಿದೆ.