ಬಿಂದುಗಳ ನಡುವೆ ಗೆರೆ ಹೇಗೆ ಬಳುಕಬೇಕು? ಮೂರು ಆಯಾಮದ ವಕ್ರರೇಖೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಬಳಿ ಮೂರು ಆಯಾಮದ 20 ಬಿಂದುಗಳಿವೆ. ಮ್ಯಾಟ್‌ಲ್ಯಾಬ್ ಎಂಬ ಗಣಿತದ ಸಾಫ್ಟ್‌ವೇರ್‌ನಲ್ಲಿ ಪ್ಲಾಟ್3 ಕೊಟ್ಟರೆ ಕಡ್ಡಿ ಮುರಿದು ಜೋಡಿಸಿದ ಹಾಗೆ ಮೂಲೆ ಮೂಲೆಯಾಗಿ ಬರುತ್ತದೆ. ಸ್ಪ್ಲೈನ್ ಫಂಕ್ಷನ್‌ಗೆ ಎಕ್ಸ್, ವೈ ಕೊಟ್ಟು ನೋಡಿದೆ. ಒಂದು ದತ್ತಾಂಶಕ್ಕೆ ದೋಷ ಬಂತು, ಇನ್ನೊಂದಕ್ಕೆ ಗೆರೆ ಎಲ್ಲೆಲ್ಲೋ ಓಡಿತು. ಏನು ಮಾಡಲಿ? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಪ್ಲಾಟ್3 ತನಗೆ ಕೊಟ್ಟ ಬಿಂದುಗಳನ್ನು ನೇರ ಗೆರೆಗಳಿಂದ ಸೇರಿಸುತ್ತದೆ, ಅದರ ಕೆಲಸ ಅಷ್ಟೇ. ನಯವಾದ ಗೆರೆ ಬೇಕಾದರೆ ನಡುವಿನ ನೂರಾರು ಬಿಂದುಗಳನ್ನು ನೀವೇ ಲೆಕ್ಕ ಹಾಕಿಸಿ ಅದಕ್ಕೆ ಕೊಡಬೇಕು. ಸ್ಪ್ಲೈನ್ ಇರುವುದು ಈ ಲೆಕ್ಕಕ್ಕೆ: ಬಿಂದುವಿನಿಂದ ಬಿಂದುವಿಗೆ ಸಣ್ಣ ಬಹುಪದೋಕ್ತಿ ತುಂಡುಗಳನ್ನು ನಯವಾಗಿ ಬೆಸೆದ ಗೆರೆ ಅದು.

ನಿಮ್ಮ ಎರಡೂ ತೊಂದರೆಗಳಿಗೆ ಮೂಲ ಒಂದೇ. ವೈ ಎನ್ನುವುದು ಎಕ್ಸ್‌ನ ಫಂಕ್ಷನ್ ಎಂದು ನೀವು ಹಿಡಿದಿದ್ದೀರಿ. ಮೂರು ಆಯಾಮದಲ್ಲಿ ಸುತ್ತುವ ಗೆರೆ ಒಂದೇ ಎಕ್ಸ್ ಬೆಲೆಗೆ ಹಲವು ಸಲ ಮರಳಿ ಬರಬಹುದು. ಬೆಲೆ ಮರುಕಳಿಸಿದಾಗ ಸ್ಪ್ಲೈನ್ ದೋಷ ತೋರಿಸುತ್ತದೆ. ಮರುಕಳಿಸದೆ ಬರೀ ಹಿಂದೆ ಮುಂದೆ ಆಗಿದ್ದರೆ ಪರಿಣಾಮ ಇನ್ನೂ ಕೆಟ್ಟದ್ದು: ಎಕ್ಸ್ ಬೆಲೆಗಳನ್ನು ಅದು ಸದ್ದಿಲ್ಲದೆ ಏರಿಕೆಯ ಕ್ರಮಕ್ಕೆ ಜೋಡಿಸಿಕೊಳ್ಳುತ್ತದೆ. ಆಗ ನಿಮ್ಮ ಬಿಂದುಗಳ ಸರದಿಯೇ ಬದಲಾಗಿ ಗೆರೆ ಎಲ್ಲೆಲ್ಲೋ ಓಡುತ್ತದೆ.

ಪರಿಹಾರ ಹೀಗಿದೆ. ಟಿ ಎಂಬ ನಾಲ್ಕನೆಯ ಅಳತೆಯೊಂದನ್ನು ತನ್ನಿ. ಗೆರೆಯ ಮೇಲೆ ಇರುವೆಯೊಂದು ಮೊದಲ ಬಿಂದುವಿನಿಂದ ಕೊನೆಯ ಬಿಂದುವಿಗೆ ನಡೆಯುತ್ತಿದೆ ಎಂದುಕೊಳ್ಳಿ, ಟಿ ಎಂದರೆ ಅದರ ಗಡಿಯಾರ. ಎಕ್ಸ್, ವೈ, ಝಡ್ ಮೂರೂ ಬೇರೆ ಬೇರೆಯಾಗಿ ಟಿಯ ಫಂಕ್ಷನ್‌ಗಳು. ಟಿ ಎಂದೂ ಹಿಂದಕ್ಕೆ ಹೋಗುವುದಿಲ್ಲ, ಆದ್ದರಿಂದ ದೋಷಕ್ಕೆ ಎಡೆಯಿಲ್ಲ. ಮ್ಯಾಟ್‌ಲ್ಯಾಬ್‌ನಲ್ಲೂ ಅದರ ಉಚಿತ ಪರ್ಯಾಯವಾದ ಆಕ್ಟೇವ್‌ನಲ್ಲೂ ಬಿಂದುಗಳನ್ನು ಮೂರು ಅಡ್ಡಸಾಲು, 20 ಕಂಬಸಾಲಿನ ಮ್ಯಾಟ್ರಿಕ್ಸ್ ಆಗಿ ಇಡಿ. ಸ್ಪ್ಲೈನ್‌ಗೆ ಮೊದಲು ಟಿ, ಆಮೇಲೆ ಆ ಮ್ಯಾಟ್ರಿಕ್ಸ್ ಕೊಡಿ. ಬಂದದ್ದನ್ನು ಪಿಪಿವ್ಯಾಲ್ ಎಂಬ ಫಂಕ್ಷನ್‌ಗೆ ಹಾಕಿ 400 ಟಿ ಬೆಲೆಗಳಲ್ಲಿ ಲೆಕ್ಕ ಮಾಡಿಸಿ, ಸಿಕ್ಕ ಮೂರು ಸಾಲುಗಳನ್ನು ಪ್ಲಾಟ್3ಗೆ ಕೊಡಿ. ಎರಡು ಬಿಂದುಗಳ ನಡುವೆ ಸುಮಾರು 20 ಬೆಲೆ ಸಿಗುವುದರಿಂದ ಕಣ್ಣಿಗೆ ಮೂಲೆ ಕಾಣುವುದಿಲ್ಲ.

ಇಲ್ಲಿ ಒಂದು ಬಲೆಯಿದೆ. ಮ್ಯಾಟ್ರಿಕ್ಸ್‌ನ ಕಂಬಸಾಲುಗಳು ಟಿ ಬೆಲೆಗಳಿಗಿಂತ ಸರಿಯಾಗಿ ಎರಡು ಹೆಚ್ಚಿದ್ದರೆ ಸ್ಪ್ಲೈನ್ ಅದನ್ನು ದೋಷ ಎನ್ನುವುದಿಲ್ಲ. ಮೊದಲ ಮತ್ತು ಕೊನೆಯ ಕಂಬಸಾಲುಗಳನ್ನು ತುದಿಗಳ ಇಳಿಜಾರು ಎಂದು ಓದಿಕೊಳ್ಳುತ್ತದೆ. ಎಣಿಕೆ ತಪ್ಪಿದ್ದು ನಿಮಗೆ ತಿಳಿಯುವುದೇ ಇಲ್ಲ.

ಬಿಂದುಗಳ ಸರದಿಯೂ ನಿಮ್ಮ ಹೊಣೆ. ಯಾವುದರ ನಂತರ ಯಾವುದು ಎಂದು ಸ್ಪ್ಲೈನ್ ಊಹಿಸುವುದಿಲ್ಲ.

ಪ್ರಶ್ನೆ: ಟಿಗೆ 0, 1, 2, 3 ಎಂದು ಕೊಟ್ಟೆ. ಗೆರೆ ಎಲ್ಲ ಬಿಂದುಗಳ ಮೂಲಕವೂ ಹೋಗುತ್ತದೆ, ಆದರೆ ಹತ್ತಿರ ಹತ್ತಿರ ಇರುವ ಬಿಂದುಗಳ ನಡುವೆ ವಿಚಿತ್ರವಾಗಿ ಹೊರಗೆ ಉಬ್ಬುತ್ತದೆ, ಕೆಲವೆಡೆ ಗಂಟು ಹಾಕಿಕೊಳ್ಳುತ್ತದೆ. ಸಾಫ್ಟ್‌ವೇರ್ ತಪ್ಪೇ? (ಭೌತಶಾಸ್ತ್ರ ಉಪನ್ಯಾಸಕರು, ಧಾರವಾಡ)

ಉತ್ತರ: ಸಾಫ್ಟ್‌ವೇರ್ ಸರಿಯಾಗಿಯೇ ಇದೆ, ಗಡಿಯಾರ ಸರಿಯಿಲ್ಲ. 0, 1, 2, 3 ಎಂದರೆ ಅರ್ಧ ಸೆಂಟಿಮೀಟರಿಗೂ 50 ಸೆಂಟಿಮೀಟರಿಗೂ ಇರುವೆಗೆ ಒಂದೇ ಸಮಯ. ದೂರದ ದಾರಿಯನ್ನು ಓಡಿ ಬಂದ ಇರುವೆ ಅದೇ ವೇಗದಲ್ಲಿ ಸಣ್ಣ ದಾರಿಗೆ ನುಗ್ಗುತ್ತದೆ. ಸ್ಪ್ಲೈನ್‌ನಲ್ಲಿ ವೇಗವೂ ವೇಗೋತ್ಕರ್ಷವೂ ಬಿಂದುವಿನಲ್ಲಿ ಥಟ್ಟನೆ ಬದಲಾಗುವಂತಿಲ್ಲ. ಹಾಗಾಗಿ ಅದು ಗುರಿ ದಾಟಿ ಹೋಗಿ ತಿರುಗಿ ಬರಬೇಕಾಗುತ್ತದೆ. ನೀವು ಕಂಡ ಉಬ್ಬೂ ಗಂಟೂ ಅದೇ.

ಲೆಕ್ಕ ಹಾಕಿಯೇ ನೋಡೋಣ. ನಾಲ್ಕು ಬಿಂದುಗಳನ್ನು ತೆಗೆದುಕೊಳ್ಳಿ: (0, 0, 0), (3, 4, 0), (3, 4, 12), (4, 6, 14). ಇವುಗಳ ನಡುವಿನ ನೇರ ದೂರ 5, 12, 3. ಟಿ ಬೆಲೆಗಳನ್ನು ಮೂರು ರೀತಿಯಲ್ಲಿ ಇಡಬಹುದು.

ಸಮ ಅಂತರ: 0, 1, 2, 3.
ಜ್ಯಾ ಉದ್ದ, ಅಂದರೆ ದೂರಗಳನ್ನು ಕೂಡುತ್ತಾ ಹೋಗುವುದು: 0, 5, 17, 20.
ದೂರಗಳ ವರ್ಗಮೂಲವನ್ನು ಕೂಡುತ್ತಾ ಹೋಗುವುದು: 0, 2.236, 5.700, 7.432. ಇದಕ್ಕೆ ಸೆಂಟ್ರಿಪಿಟಲ್ ಎಂಬ ಹೆಸರಿದೆ.

ಎರಡೂ ತುದಿಗಳಲ್ಲಿ ಎರಡನೆಯ ಡೆರಿವೇಟಿವ್ ಸೊನ್ನೆ ಎಂದಿಟ್ಟು ಮೂರಕ್ಕೂ ಘನ ಸ್ಪ್ಲೈನ್ (ಪ್ರತಿ ತುಂಡೂ ಮೂರನೇ ಘಾತದ್ದು) ಹಾಕಿದರೆ ಹೀಗಾಗುತ್ತದೆ. ಮೊದಲ ಎರಡು ಬಿಂದುಗಳಲ್ಲಿ ಝಡ್ ಸೊನ್ನೆಯೇ ಇದ್ದರೂ ನಡುವೆ ಗೆರೆ ಕೆಳಗಿಳಿಯುತ್ತದೆ: ಸಮ ಅಂತರದಲ್ಲಿ −1.49ರವರೆಗೆ, ವರ್ಗಮೂಲದಲ್ಲಿ −0.80ರವರೆಗೆ, ಜ್ಯಾ ಉದ್ದದಲ್ಲಿ −0.37ರವರೆಗೆ ಮಾತ್ರ. ಕೊನೆಯ ತುಂಡಿನಲ್ಲಿ ಸಮ ಅಂತರದ ಗೆರೆ 14ನ್ನು ದಾಟಿ 14.37ಕ್ಕೆ ಏರಿ ಇಳಿಯುತ್ತದೆ, ಉಳಿದೆರಡು ದಾಟುವುದೇ ಇಲ್ಲ.

ಹಾಗಾದರೆ ಜ್ಯಾ ಉದ್ದವೇ ಉತ್ತಮ ಅಲ್ಲವೇ? ಅವಸರ ಬೇಡ. ನಡುವಿನ 12 ಅಳತೆಯ ಉದ್ದ ತುಂಡನ್ನು ನೋಡಿ. ಅದರ ಎರಡೂ ತುದಿಗಳಲ್ಲಿ ಎಕ್ಸ್ 3. ಜ್ಯಾ ಉದ್ದದ ಗೆರೆಯಲ್ಲಿ ಅದು ಹೊರಗೆ 3.47ರವರೆಗೆ ಉಬ್ಬುತ್ತದೆ, ವರ್ಗಮೂಲದಲ್ಲಿ 3.30, ಸಮ ಅಂತರದಲ್ಲಿ 3.18. ಸಣ್ಣ ತುಂಡುಗಳ ಉಬ್ಬನ್ನು ಇಳಿಸಿದರೆ ಉದ್ದ ತುಂಡಿನ ಉಬ್ಬು ಏರುತ್ತದೆ. ವರ್ಗಮೂಲದ ವಿಧಾನ ಎರಡರ ನಡುವೆ ನಿಲ್ಲುತ್ತದೆ. ಇದನ್ನು ಲೀ ಎಂಬ ಸಂಶೋಧಕರು 1989ರಲ್ಲಿ ಮುಂದಿಟ್ಟರು. ಕ್ಯಾಟ್‌ಮುಲ್-ರಾಮ್ ಎಂಬ ಸ್ಪ್ಲೈನ್‌ಗೆ ಈ ವಿಧಾನ ಬಳಸಿದರೆ ಒಂದೊಂದು ತುಂಡಿನೊಳಗೆ ಮೊನೆಯಾಗಲಿ ಗಂಟಾಗಲಿ ಮೂಡದು ಎಂದು 2011ರಲ್ಲಿ ಯುಕ್ಸೆಲ್, ಶೇಫರ್, ಕೀಸರ್ ಸಾಧಿಸಿ ತೋರಿಸಿದರು. ಆ ಖಾತರಿ ಘನ ಸ್ಪ್ಲೈನ್‌ಗೆ ಅನ್ವಯಿಸುವುದಿಲ್ಲ. ಆದರೂ ಅಂತರಗಳು ತೀರಾ ಹೆಚ್ಚುಕಡಿಮೆ ಇರುವಾಗ ಮೊದಲು ವರ್ಗಮೂಲವನ್ನೇ ಹಾಕಿ ನೋಡಿ ಎಂಬುದು ನಮ್ಮ ಸಲಹೆ. ಅಂತರಗಳು ಹೆಚ್ಚುಕಡಿಮೆ ಸಮವಾಗಿದ್ದರೆ ಮೂರೂ ಒಂದೇ ಗೆರೆಯನ್ನು ಕೊಡುತ್ತವೆ, ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪೈಥಾನ್‌ನಲ್ಲಿ ನಂಪೈ ಎಂಬ ಲೈಬ್ರರಿಯ ಡಿಫ್‌ನಿಂದ ಅಕ್ಕಪಕ್ಕದ ಬಿಂದುಗಳ ವ್ಯತ್ಯಾಸ, ನಾರ್ಮ್‌ನಿಂದ ದೂರ, ಅದರ ವರ್ಗಮೂಲ, ಕ್ಯೂಮ್‌ಸಮ್‌ನಿಂದ ಮೊತ್ತ, ಎಲ್ಲಕ್ಕೂ ಮುಂದೆ ಒಂದು ಸೊನ್ನೆ. ಆ ಪಟ್ಟಿಯನ್ನು ಸೈಪೈ ಎಂಬ ಲೈಬ್ರರಿಯ ಕ್ಯೂಬಿಕ್‌ಸ್ಪ್ಲೈನ್‌ಗೆ ಟಿ ಆಗಿ ಕೊಡಿ. ಇಲ್ಲಿ ಬಿಂದುಗಳು ಅಡ್ಡಸಾಲಿನಲ್ಲಿರಬೇಕು, ಮ್ಯಾಟ್‌ಲ್ಯಾಬ್‌ಗೆ ತಿರುಗುಮುರುಗು. ಮ್ಯಾಟ್‌ಲ್ಯಾಬ್‌ನ ಕರ್ವ್ ಫಿಟಿಂಗ್ ಟೂಲ್‌ಬಾಕ್ಸ್ ಇದ್ದವರಿಗೆ ಸಿಎಸ್‌ಸಿವಿಎನ್ ಇದೆ. ಅದು ವರ್ಗಮೂಲದ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ.

ಪ್ರಶ್ನೆ: ಸೈಪೈಯ ಎಸ್‌ಪಿಎಲ್‌ಪ್ರೆಪ್ ಎಂಬ ಸ್ಪ್ಲೈನ್ ಫಂಕ್ಷನ್‌ಗೆ 50 ಬಿಂದು ಕೊಟ್ಟೆ. ನಯವಾದ ಗೆರೆ ಬಂತು, ಆದರೆ ಅದು ನನ್ನ ಬಿಂದುಗಳ ಹತ್ತಿರಕ್ಕೂ ಸುಳಿಯಲಿಲ್ಲ. ಕೆಲವು ಕಡತಗಳಿಗೆ "ಇನ್‌ವ್ಯಾಲಿಡ್ ಇನ್‌ಪುಟ್ಸ್" ಎಂದು ನಿಲ್ಲುತ್ತದೆ. (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಎಸ್ ಎಂಬ ಆರ್ಗ್ಯುಮೆಂಟ್‌ಗೆ 0 ಎಂದು ಕೊಡಿ, ಗೆರೆ ಬಿಂದುಗಳ ಮೂಲಕವೇ ಹೋಗುತ್ತದೆ.

ಕೊಡದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಬಿಂದುಗಳ ಸಂಖ್ಯೆಯಿಂದ ಆ ಸಂಖ್ಯೆಯ ಎರಡರಷ್ಟರ ವರ್ಗಮೂಲ ಕಳೆದದ್ದು ಎಸ್‌ನ ಬೆಲೆಯಾಗುತ್ತದೆ. ನಿಮ್ಮ 50 ಬಿಂದುಗಳಿಗೆ 50 − 10 = 40. ಗೆರೆ ಬಿಂದುಗಳಿಂದ ಎಷ್ಟು ತಪ್ಪಬಹುದು ಎಂಬುದರ ಮಿತಿ ಇದು: ತಪ್ಪಿದ ದೂರಗಳ ವರ್ಗಗಳ ಒಟ್ಟು ಮೊತ್ತ 40ರವರೆಗೂ ಇರಬಹುದು. ನಿಮ್ಮ ದತ್ತಾಂಶವೆಲ್ಲ ಒಂದು ಮೀಟರ್ ಪೆಟ್ಟಿಗೆಯೊಳಗೆ ಇದ್ದರೆ ಈ ಮಿತಿ ವಿಪರೀತ ಸಡಿಲ. ಒಂದೇ ಒಂದು ಘನ ಬಹುಪದೋಕ್ತಿಯೇ ಅದರೊಳಗೆ ಕೂತುಬಿಡುತ್ತದೆ. ಅದೇ ಬಿಂದುಗಳನ್ನು ಮಿಲಿಮೀಟರಿನಲ್ಲಿ ಬರೆದಿದ್ದರೆ ಗೆರೆ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತಿತ್ತು. ಅಳತೆಯ ಮಾನ ಬದಲಿಸಿದರೆ ಚಿತ್ರವೂ ಬದಲಾಗುವುದು ಈ ಕಾರಣಕ್ಕೆ.

ದತ್ತಾಂಶದಲ್ಲೇ ಗದ್ದಲ (ಅಳತೆಯ ಏರುಪೇರು) ಇದ್ದಾಗ, ಉದಾಹರಣೆಗೆ ಜಿಪಿಎಸ್ ದಾರಿಗಳಲ್ಲಿ, ಎಸ್ ಸೊನ್ನೆ ಬೇಡ. ಸೊನ್ನೆ ಇಟ್ಟರೆ ಪ್ರತಿ ನಡುಕವನ್ನೂ ಗೆರೆ ಹಿಂಬಾಲಿಸುತ್ತದೆ. ಆಗ ಒಂದೊಂದು ನಿರ್ದೇಶಾಂಕದ ಪ್ರಮಾಣಿತ ವಿಚಲನೆ ಗೊತ್ತಿದ್ದರೆ ಅದರ ವರ್ಗವನ್ನು ಬಿಂದುಗಳ ಸಂಖ್ಯೆಯಿಂದಲೂ ಮೂರರಿಂದಲೂ ಗುಣಿಸಿ. 200 ಬಿಂದು, 0.5 ಮೀಟರ್ ವಿಚಲನೆ: 3 × 200 × 0.25 = 150. ಅಲ್ಲಿಂದ ಆರಂಭಿಸಿ, ಗೆರೆ ಇನ್ನೂ ನಡುಗಿದರೆ ಏರಿಸಿ, ತಿರುವುಗಳನ್ನು ಕತ್ತರಿಸಿದರೆ ಇಳಿಸಿ.

ಇನ್‌ವ್ಯಾಲಿಡ್ ಇನ್‌ಪುಟ್ಸ್‌ಗೆ ಸಾಮಾನ್ಯ ಕಾರಣ ಒಂದೇ ಬಿಂದು ಬೆನ್ನಿಗೆ ಬೆನ್ನಾಗಿ ಎರಡು ಸಲ ಬಂದಿರುವುದು. ನಡುವಿನ ದೂರ ಸೊನ್ನೆಯಾಗಿ ಟಿ ಮುಂದೆ ಸಾಗುವುದಿಲ್ಲ. ನಿಂತಲ್ಲೇ ನಿಂತ ಜಿಪಿಎಸ್ ದಾಖಲೆಗಳಲ್ಲಿ ಇದು ಧಾರಾಳ. ಹಿಂದಿನ ಬಿಂದುವಿನಿಂದ ದೂರ ಸೊನ್ನೆ ಇರುವ ಸಾಲುಗಳನ್ನು ಮೊದಲೇ ತೆಗೆಯಿರಿ. ಘನ ಸ್ಪ್ಲೈನ್‌ಗೆ ಕಡಿಮೆಯೆಂದರೆ ನಾಲ್ಕು ಬಿಂದು ಉಳಿದಿರಬೇಕು. ಅಂದಹಾಗೆ, ಮ್ಯಾಟ್‌ಲ್ಯಾಬ್‌ನ ಸಿಎಸ್‌ಸಿವಿಎನ್‌ನಲ್ಲಿ ಜೋಡಿ ಬಿಂದುವಿಗೆ ಬೇರೆಯೇ ಅರ್ಥ: ಅಲ್ಲಿ ಬೇಕೆಂದೇ ಒಂದು ಮೂಲೆ ಇಡು ಎಂದು.

ಪ್ರಶ್ನೆ: ಮುಚ್ಚಿದ ಗೆರೆ ಬೇಕು. ಮೊದಲ ಬಿಂದುವನ್ನು ಕೊನೆಯಲ್ಲಿ ಮತ್ತೆ ಸೇರಿಸಿದರೂ ಬೆಸುಗೆಯ ಜಾಗದಲ್ಲಿ ಚೂಪಾದ ಮೂಲೆ ಉಳಿಯುತ್ತದೆ. (ಪಿಯು ಗಣಿತ ಶಿಕ್ಷಕರು, ಪುತ್ತೂರು)

ಉತ್ತರ: ಬಿಂದು ಸೇರಿಸಿದರೆ ಗೆರೆ ಕೂಡಿಕೊಳ್ಳುತ್ತದೆ, ಆದರೆ ಬಂದ ದಿಕ್ಕೂ ಹೋಗುವ ದಿಕ್ಕೂ ಒಂದೇ ಆಗಬೇಕು ಎಂದು ಸ್ಪ್ಲೈನ್‌ಗೆ ಯಾರೂ ಹೇಳಿಲ್ಲ. ಆವರ್ತಕ ಷರತ್ತು ಹಾಕಬೇಕು. ಕ್ಯೂಬಿಕ್‌ಸ್ಪ್ಲೈನ್‌ನಲ್ಲಿ ಬಿಸಿ ಟೈಪ್ (bc_type) ಎಂಬಲ್ಲಿ ಪೀರಿಯಾಡಿಕ್ ಎಂದು ಬರೆಯಿರಿ. ಮೊದಲ ಮತ್ತು ಕೊನೆಯ ಬಿಂದು ಒಂದೇ ಇಲ್ಲದಿದ್ದರೆ ಅದು ನಿಂತು ದೋಷ ಹೇಳುತ್ತದೆ. ಎಸ್‌ಪಿಎಲ್‌ಪ್ರೆಪ್‌ನಲ್ಲಿ ಪರ್ ಎಂಬುದಕ್ಕೆ 1 ಕೊಡಿ. ಇದು ನಿಲ್ಲುವುದಿಲ್ಲ. ಮೊದಲ ಬಿಂದುವನ್ನು ಮರುಬರೆಯಲು ನೀವು ಮರೆತಿದ್ದರೆ ನಿಮ್ಮ ಕೊನೆಯ ನಿಜವಾದ ಬಿಂದುವನ್ನೇ ಅಳಿಸಿ ಅಲ್ಲಿ ಮೊದಲನೆಯದನ್ನು ಇಡುತ್ತದೆ. ಒಂದು ಬಿಂದು ಕಾಣೆಯಾದ ಗೆರೆ ನಯವಾಗಿಯೇ ಇರುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ಸಿಎಸ್‌ಸಿವಿಎನ್ ಮಾತ್ರ ಮೊದಲ, ಕೊನೆಯ ಬಿಂದು ಒಂದೇ ಎಂದು ಕಂಡೊಡನೆ ಆವರ್ತಕ ಷರತ್ತನ್ನು ತಾನೇ ಹಾಕಿಕೊಳ್ಳುತ್ತದೆ.

ತರಗತಿಯಲ್ಲಿ ತೋರಿಸಲು ಟ್ರೆಫಾಯಿಲ್ ಗಂಟು ಒಳ್ಳೆಯದು: ಎಕ್ಸ್ = ಸೈನ್ ಟಿ + 2 ಸೈನ್ 2ಟಿ, ವೈ = ಕಾಸ್ ಟಿ − 2 ಕಾಸ್ 2ಟಿ, ಝಡ್ = −ಸೈನ್ 3ಟಿ. ಟಿ 0ಯಿಂದ 2π ವರೆಗೆ. ಮೊದಲು ಬೇಕೆಂದೇ ಆರೇ ಬಿಂದು ತೆಗೆದುಕೊಳ್ಳಿ. ಟಿ π/3ರ ಗುಣಕಗಳಾದಾಗ 3ಟಿ πಯ ಗುಣಕವಾಗಿ ಝಡ್ ಪ್ರತಿ ಬಿಂದುವಿನಲ್ಲೂ ಸೊನ್ನೆ! ಗಂಟು ನೆಲಕ್ಕೆ ಚಪ್ಪಟೆಯಾಗಿ ಬೀಳುತ್ತದೆ. 12 ಬಿಂದುಗಳಿಗೆ ಏರಿಳಿತ ಮರಳಿ ಬರುತ್ತದೆ, 24ಕ್ಕೆ ಮೂಲ ಗೆರೆಗೂ ಸ್ಪ್ಲೈನ್‌ಗೂ ಕಣ್ಣಳತೆಯ ವ್ಯತ್ಯಾಸ ಉಳಿಯುವುದಿಲ್ಲ. ಬಿಂದುಗಳ ನಡುವೆ ಇಲ್ಲದ ಮಾಹಿತಿಯನ್ನು ಯಾವ ಸ್ಪ್ಲೈನೂ ಹುಟ್ಟಿಸಲಾರದು ಎಂಬುದನ್ನು ಮಕ್ಕಳು ಇದರಲ್ಲಿ ತಾವೇ ಕಾಣುತ್ತಾರೆ.

ಪ್ರಶ್ನೆ: ಮ್ಯಾಥಮ್ಯಾಟಿಕಾದ ಬಿಸ್ಪ್ಲೈನ್‌ಕರ್ವ್ ಏಕೆ ತುದಿಯ ಬಿಂದುಗಳನ್ನು ಬಿಟ್ಟು ಬೇರಾವುದನ್ನೂ ಮುಟ್ಟುವುದಿಲ್ಲ? (ಮೈಸೂರು)

ಉತ್ತರ: ಅದಕ್ಕೆ ನಿಮ್ಮ ಬಿಂದುಗಳು ನಿಯಂತ್ರಣ ಬಿಂದುಗಳು. ಗೆರೆಯನ್ನು ತಮ್ಮತ್ತ ಎಳೆಯುತ್ತವೆ, ಹಿಡಿದುಕೊಳ್ಳುವುದಿಲ್ಲ. ಮೂಲಕ ಹಾಯಬೇಕಾದರೆ ಇಂಟರ್‌ಪೊಲೇಶನ್ ಬಳಸಿ. ಟಿ ಮತ್ತು ಬಿಂದುವಿನ ಜೋಡಿಗಳ ಪಟ್ಟಿ ಕೊಟ್ಟು, ಮೆಥಡ್ ಎಂಬಲ್ಲಿ ಸ್ಪ್ಲೈನ್ ಎಂದು ಬರೆದು, ಬಂದದ್ದನ್ನು ಪ್ಯಾರಾಮೆಟ್ರಿಕ್‌ಪ್ಲಾಟ್3ಡಿಗೆ ಹಾಕಿ.

ಪ್ರಶ್ನೆ: ಸ್ಪ್ಲೈನ್ ಏಕೆ? 11 ಬಿಂದುಗಳಿಗೆ 10ನೇ ಘಾತದ ಒಂದೇ ಬಹುಪದೋಕ್ತಿ ಸಾಲದೇ? (ಶಿವಮೊಗ್ಗ)

ಉತ್ತರ: ಬಿಂದುಗಳನ್ನು ಅದು ಖಂಡಿತ ಮುಟ್ಟುತ್ತದೆ. ನಡುವೆ ಏನು ಮಾಡುತ್ತದೆ ಎಂಬುದನ್ನು ಜರ್ಮನ್ ಗಣಿತಜ್ಞ ರುಂಗೆ 1901ರಲ್ಲೇ ತೋರಿಸಿದರು. 1/(1 + 25ಎಕ್ಸ್²) ಎಂಬ ಸೌಮ್ಯ ಗುಡ್ಡವನ್ನು −1ರಿಂದ 1ರವರೆಗೆ 11 ಸಮ ಅಂತರದ ಬಿಂದುಗಳಲ್ಲಿ ಹಿಡಿದರೆ ತುದಿಗಳ ಬಳಿ ತಪ್ಪು ಸುಮಾರು 1.9. ಗುಡ್ಡದ ಎತ್ತರವೇ 1! ಬಿಂದು ಹೆಚ್ಚಿಸಿದರೆ ತಪ್ಪು ಇನ್ನೂ ಬೆಳೆಯುತ್ತದೆ. ಮೂರು ಆಯಾಮದಲ್ಲಿ ಈ ಅವಾಂತರ ಮೂರೂ ಅಕ್ಷಗಳಲ್ಲಿ ಆಗುತ್ತದೆ.

ಪ್ರಶ್ನೆ: ಗೆರೆಯುದ್ದಕ್ಕೂ ಒಂದು ಚೆಂಡನ್ನು ಉರುಳಿಸುವ ಅನಿಮೇಶನ್ ಮಾಡಿದೆ. ಕೆಲವೆಡೆ ಓಡುತ್ತದೆ, ಕೆಲವೆಡೆ ತೆವಳುತ್ತದೆ. ಜೊತೆಗೆ ಪೈಥಾನ್‌ನ ಚಿತ್ರ ಬರೆಯುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ವೃತ್ತಾಕಾರದ ಸುರುಳಿ ಚಪ್ಪಟೆಯಾಗಿ ಕಾಣುತ್ತದೆ. (ಹುಬ್ಬಳ್ಳಿ)

ಉತ್ತರ: ಟಿ ಸಮವಾಗಿ ಹೆಚ್ಚಿದರೂ ದೂರ ಸಮವಾಗಿ ಹೆಚ್ಚುವುದಿಲ್ಲ. ಗೆರೆಯ ಮೇಲೆ ಸುಮಾರು 2000 ಬಿಂದು ಲೆಕ್ಕ ಹಾಕಿ, ಅಕ್ಕಪಕ್ಕದ ದೂರಗಳನ್ನು ಕೂಡುತ್ತಾ ಹೋಗಿ ಕ್ರಮಿಸಿದ ಉದ್ದದ ಪಟ್ಟಿ ಮಾಡಿ. ಈಗ ಉದ್ದವನ್ನು ಸಮ ಭಾಗ ಮಾಡಿ, ಪ್ರತಿ ಭಾಗಕ್ಕೆ ಯಾವ ಟಿ ಎಂದು ಅದೇ ಪಟ್ಟಿಯನ್ನು ತಿರುಗಿಸಿ ಓದಿ, ನಂಪೈಯ ಇಂಟರ್ಪ್ ಇದಕ್ಕೆ ಸಾಕು. ಆ ಟಿ ಬೆಲೆಗಳಲ್ಲಿ ಚೆಂಡನ್ನು ಇಡಿ, ವೇಗ ಒಂದೇ ಆಗುತ್ತದೆ. ಲೆಕ್ಕ ಸರಿಯೇ ಎಂದು ನೋಡಲು (ಕಾಸ್ ಟಿ, ಸೈನ್ ಟಿ, ಟಿ) ಸುರುಳಿಯ ಒಂದು ಸುತ್ತು ಅಳೆಯಿರಿ. ಉದ್ದ 2π × √2, ಅಂದರೆ 8.886 ಬರಬೇಕು.

ಸುರುಳಿ ಚಪ್ಪಟೆಯಾಗುವುದು ಮೂರು ಅಕ್ಷಗಳನ್ನೂ ಪೆಟ್ಟಿಗೆಗೆ ತಕ್ಕಂತೆ ಬೇರೆ ಬೇರೆಯಾಗಿ ಹಿಗ್ಗಿಸಿರುವುದರಿಂದ. ಮ್ಯಾಟ್‌ಪ್ಲಾಟ್‌ಲಿಬ್ 3.6ರಿಂದ ಮೂರು ಆಯಾಮದಲ್ಲೂ ಸೆಟ್ ಆಸ್ಪೆಕ್ಟ್‌ಗೆ ಈಕ್ವಲ್ ಎಂದು ಕೊಡಬಹುದು. ಮ್ಯಾಟ್‌ಲ್ಯಾಬ್‌ನಲ್ಲಿ ಆಕ್ಸಿಸ್ ಈಕ್ವಲ್. ಗೆರೆ ತನ್ನದೇ ಹಿಂದೆ ಹಾಯುವ ಕಡೆ ಮ್ಯಾಟ್‌ಪ್ಲಾಟ್‌ಲಿಬ್ ಮುಂದಿನದನ್ನು ಹಿಂದೆ, ಹಿಂದಿನದನ್ನು ಮುಂದೆ ಬರೆಯುವುದೂ ಉಂಟು, ಏಕೆಂದರೆ ಇಡೀ ಗೆರೆಗೆ ಅದು ಒಂದೇ ಆಳ ಹಿಡಿಯುತ್ತದೆ. ಗಂಟುಗಳ ಚಿತ್ರ ಬರೆಯುವವರು ಗೆರೆಯನ್ನು ಸಣ್ಣ ತುಂಡುಗಳಾಗಿ ಒಡೆದು ಒಂದೊಂದನ್ನೂ ಬೇರೆ ಗೆರೆಯಾಗಿ ಬರೆಯಬೇಕು.