√(−8) × √(−2): ಉತ್ತರ 4 ಯಾಕಲ್ಲ?

ಪ್ರಶ್ನೆ: ಮಗಳು ಪ್ರಥಮ ಪಿಯುಸಿ. √(−8) × √(−2) ಲೆಕ್ಕಕ್ಕೆ √16, ಅಂದರೆ 4 ಎಂದು ಬರೆದಿದ್ದಳು. ಮೇಷ್ಟ್ರು ತಪ್ಪು ಹಾಕಿ −4 ಎಂದು ತಿದ್ದಿದ್ದಾರೆ. ಮೈನಸ್ ಇಂಟು ಮೈನಸ್ ಪ್ಲಸ್ ಅಲ್ವಾ?

ಉತ್ತರ: ಪ್ಲಸ್ಸೇ, ಅದರಲ್ಲಿ ಅನುಮಾನ ಬೇಡ. ಎಡವಿದ್ದು ಅದಕ್ಕೂ ಮೊದಲು, ಎರಡು ವರ್ಗಮೂಲಗಳನ್ನು ಒಂದೇ ಚಿಹ್ನೆಯೊಳಗೆ ಸೇರಿಸಿದ ಕಡೆ. √4 × √9 = √36 ಎಂದು ಸೇರಿಸಬಹುದು. ಒಳಗಿನ ಎರಡೂ ಸಂಖ್ಯೆಗಳು ಮೈನಸ್ ಆದರೆ ಹಾಗೆ ಸೇರಿಸುವಂತಿಲ್ಲ.

ಗುಣಿಸುವ ಮೊದಲು ಮೈನಸ್ಸನ್ನು ಹೊರಗೆ ತೆಗೆಯಬೇಕು. √(−1) ಅನ್ನು ಐ ಎನ್ನೋಣ, ಅದರ ವರ್ಗ −1. ಈಗ √(−8) ಎಂದರೆ 2√2 ಐ, √(−2) ಎಂದರೆ √2 ಐ. ಗುಣಿಸಿದರೆ 4 × ಐ², ಅಂದರೆ −4. ಮೇಷ್ಟ್ರು ಸರಿ.

ಹಾಗಾದರೆ 4 ಎಲ್ಲಿಂದ ಬಂತು? ನಮ್ಮ ಗುಣಲಬ್ಧದ ವರ್ಗ (−8) × (−2), ಅಂದರೆ 16. ವರ್ಗ 16 ಆಗುವ ಸಂಖ್ಯೆಗಳು ಎರಡಿವೆ, 4 ಮತ್ತು −4. √16 ಎಂದು ಬರೆದ ಕೂಡಲೇ ಆ ಚಿಹ್ನೆ ಯಾವಾಗಲೂ ಪ್ಲಸ್ ಇರುವುದನ್ನೇ ಆರಿಸಿಕೊಳ್ಳುತ್ತದೆ, ನಮ್ಮ ಲೆಕ್ಕಕ್ಕೆ ಬೇಕಾಗಿದ್ದು ಇನ್ನೊಂದು ಅನ್ನುವುದು ಅದಕ್ಕೇನು ಗೊತ್ತು!

ಇದು ಹಳೇ ಲೆಕ್ಕವೇ. ಕೂಡಿದರೆ 10, ಗುಣಿಸಿದರೆ 40 ಬರುವ ಎರಡು ಸಂಖ್ಯೆಗಳು ಯಾವುವು ಎಂಬ ಪ್ರಶ್ನೆಗೆ ಇಟಲಿಯ ಕಾರ್ಡಾನೊ 1545ರಲ್ಲೇ 5 + √(−15) ಮತ್ತು 5 − √(−15) ಎಂದು ಉತ್ತರ ಕೊಟ್ಟಿದ್ದ. ಗುಣಿಸಿ ನೋಡಿ: 25ರಿಂದ −15 ಕಳೆಯಬೇಕು, 40 ಸಿಗುತ್ತದೆ. ನಿಮ್ಮ ಮಗಳ ದಾರಿಯಲ್ಲಿ ಹೋದರೆ √(−15) × √(−15) = √225 = 15 ಆಗಿ, 25 − 15 ಅಂದರೆ ಬರೀ 10 ಉಳಿಯುತ್ತದೆ.

ಭಾಗಾಕಾರದಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಬೇಕು. ಗುಣಾಕಾರದಲ್ಲಿ ಒಂದೇ ಮೈನಸ್ ಇದ್ದರೆ ತೊಂದರೆಯಿಲ್ಲ, √2 × √(−8) = √(−16) = 4ಐ ಸರಿಯಾಗಿಯೇ ಬರುತ್ತದೆ. ಆದರೆ √8 ÷ √(−2) ಅನ್ನು √(−4) ಎಂದು ಸೇರಿಸಿದರೆ 2ಐ ಬರುತ್ತದೆ, ಅದು ತಪ್ಪು. ಐ ಹೊರಗೆ ತೆಗೆದು ಮಾಡಿದರೆ 2 ÷ ಐ. ಮೇಲೆ ಕೆಳಗೆ ಎರಡನ್ನೂ ಐಯಿಂದ ಗುಣಿಸಿ, −2ಐ ಸಿಗುತ್ತದೆ. ಎಲ್ಲಿ ಸೇರಿಸಬಹುದು, ಎಲ್ಲಿ ಬಾರದು ಅಂತ ಸುಮ್ನೆ ಬಾಯಿಪಾಠ ಮಾಡಿಸುವುದಕ್ಕಿಂತ, ಮೈನಸ್ ಕಂಡ ತಕ್ಷಣ ಐ ಹೊರಗೆ ತೆಗೆಯುವ ಅಭ್ಯಾಸವೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಮಗಳಿಗೆ √(−3) × √(−12) ಕೊಟ್ಟು ನೋಡಿ. −6 ಬರಬೇಕು.